ಒಗಟು ಬಿಡಿಸಿದ ಮೇಲೆ: ‘ಪಹೇಲಿ’ ಚಿತ್ರದ ಒಂದು ಅಭ್ಯಾಸ



ನಾನು ಸಾಹಿತ್ಯದ ವಿದ್ಯಾರ್ಥಿ ಅಲ್ಲ. ಎಸ್.ವೈ. ಬಿ.ಕಾಂ. ಓದುವ ಹುಡುಗ. ಏಳನೆಯ ಇಯತ್ತೆಯವರೆಗೆ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತು ಆಮೇಲೆ ಪುಣೆಗೆ ಬಂದವನು. ಆದ್ದರಿಂದ ಈ ಲೇಖನದಲ್ಲಿ ವಿಮರ್ಶೆಯ ದೊಡ್ಡ ಶಬ್ದಗಳನ್ನು ಹುಡುಕಬೇಡಿ. ನನಗೆ ಗೊತ್ತಿರುವುದು ಜಮಾ-ಖರ್ಚು. ಅದರಲ್ಲೇ ಬರೆದಿದ್ದೇನೆ.

ಬರೆಯುವ ಪ್ರಸಂಗ ಬಂದದ್ದು ಹೀಗೆ. ಕಳೆದ ತಿಂಗಳು ನಮ್ಮ ಬಳಗದ ಬೈಠಕ್ಕಿನಲ್ಲಿ ‘ಪಹೇಲಿ’ ಎಂಬ ಹಿಂದೀ ಚಿತ್ರ ನೋಡಿದೆವು. ಮುಗಿದ ಮೇಲೆ ಒಬ್ಬೊಬ್ಬರೂ ಎರಡು ಮಾತು ಹೇಳಬೇಕೆಂಬುದು ನಮ್ಮಲ್ಲಿ ಪದ್ಧತಿ. ನನ್ನ ಸರದಿ ಬಂದಾಗ, “ಚೆನ್ನಾಗಿದೆ, ಆದರೆ ಅಂಥ ವಿಶೇಷವೇನಿಲ್ಲ” ಅಂದುಬಿಟ್ಟೆ. ಎಲ್ಲರೂ ನಕ್ಕರು. ನಮ್ಮ ಸರ್ ಮಾತ್ರ ನಗಲಿಲ್ಲ. “ಆ ‘ಆದರೆ’ಯ ಮುಂದೆ ಏನಿದೆ ಅಂತ ಬರೆದುಕೊಂಡು ಬಾರಪ್ಪ. ಬರೆಯಲಿಕ್ಕೆ ಬರದಿದ್ದರೆ ಆ ಮಾತು ವಾಪಸ್ ತಗೋ” ಅಂದರು.

ಮನೆಗೆ ಬಂದು ಕೂತಾಗ ಕಷ್ಟ ತಿಳಿಯಿತು. ಕೆಟ್ಟ ಚಿತ್ರವನ್ನು ಬೈಯುವುದು ಸುಲಭ. ದೊಡ್ಡ ಚಿತ್ರವನ್ನು ಹೊಗಳಲು ನಮಗಿಂತ ಮೊದಲು ಹತ್ತು ಜನ ಹೊಗಳಿರುತ್ತಾರೆ, ಅವರ ಹಿಂದೆ ಹೋದರೆ ಸಾಕು. ನೋಡುವಾಗ ಖುಷಿ ಕೊಟ್ಟು, ಮರುದಿನ ಬಸ್ ಸ್ಟಾಪಿನಲ್ಲಿ ನಿಂತಾಗ ನೆನಪೇ ಆಗದಂಥ ನಡುವಿನ ಚಿತ್ರ ಇರುತ್ತದಲ್ಲ, ಅದನ್ನು ತೂಗುವುದು ಹೇಗೆ?

೧. ಕತೆ

‘ಪಹೇಲಿ’ ೨೦೦೫ರ ಜೂನ್‌ನಲ್ಲಿ ಬಿಡುಗಡೆಯಾದ ಚಿತ್ರ. ನಿರ್ದೇಶಕರು ಅಮೋಲ್ ಪಾಲೇಕರ್, ಚಿತ್ರಕಥೆ ಸಂಧ್ಯಾ ಗೋಖಲೆ ಅವರದು. ಶಾರುಖ್ ಖಾನ್‌ಗೆ ಎರಡು ಪಾತ್ರ, ಒಂದು ಗಂಡನದು, ಇನ್ನೊಂದು ದೆವ್ವದ್ದು. ಲಚ್ಛಿ ಎಂಬ ಮದುವಣಗಿತ್ತಿಯಾಗಿ ರಾಣಿ ಮುಖರ್ಜಿ. ಆ ವರ್ಷ ಭಾರತದಿಂದ ಆಸ್ಕರ್ ಸ್ಪರ್ಧೆಗೆ ಕಳಿಸಿದ ಚಿತ್ರವೂ ಇದೇ, ಆದರೆ ಅಲ್ಲಿ ಕೊನೆಯ ಪಟ್ಟಿಗೆ ಏರಲಿಲ್ಲ.

ರಾಜಸ್ಥಾನದ ಒಬ್ಬ ಸಾಹುಕಾರನ ಮಗ ಕಿಶನ್‌ಲಾಲ್. ಮದುವೆಯಾದ ಮೊದಲ ರಾತ್ರಿ ಹೆಂಡತಿಯನ್ನು ಬದಿಗಿಟ್ಟು ಮದುವೆಯ ಖರ್ಚಿನ ಲೆಕ್ಕ ಬರೆಯುತ್ತ ಕೂಡುತ್ತಾನೆ. (ಇಲ್ಲಿ ಬಳಗದವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಕಾಮರ್ಸಿನವರ ಹಣೆಬರಹ!) ವ್ಯಾಪಾರಕ್ಕೆ ಒಳ್ಳೆಯ ಮುಹೂರ್ತವಿದೆ ಎಂದು ಅಪ್ಪ ಹೇಳಿದ್ದಕ್ಕೆ ಮರುದಿನವೇ ಐದು ವರ್ಷಕ್ಕೆಂದು ಪರವೂರಿಗೆ ಹೊರಟುಬಿಡುತ್ತಾನೆ. ದಿಬ್ಬಣ ದಣಿವಾರಿಸಿಕೊಳ್ಳಲು ನಿಂತ ಕಡೆ ಲಚ್ಛಿಯನ್ನು ನೋಡಿ ಮನಸೋತಿದ್ದ ಒಂದು ದೆವ್ವ ಈ ಸಂಗತಿ ತಿಳಿದು, ಕಿಶನ್‌ಲಾಲನ ರೂಪ ತಾಳಿ ಮನೆಗೆ ಬರುತ್ತದೆ. ಮಾವನಿಗೆ ದಿನವೂ ಬೆಳಿಗ್ಗೆ ಚಿನ್ನದ ನಾಣ್ಯ ಸಿಗುವ ಹಾಗೆ ಮಾಡುತ್ತದೆ. ಸಾಹುಕಾರನಿಗೆ ಇನ್ನೇನು ಬೇಕು? ಅಂಥ ಮುಹೂರ್ತವನ್ನೂ ಮರೆತು ಮಗನನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ.

ಆದರೆ ಲಚ್ಛಿಗೆ ಆ ದೆವ್ವ ಸುಳ್ಳು ಹೇಳುವುದಿಲ್ಲ. ಮೊದಲ ರಾತ್ರಿಯೇ ತಾನು ಯಾರೆಂದು ಹೇಳಿ ತೀರ್ಮಾನವನ್ನು ಅವಳಿಗೇ ಬಿಡುತ್ತದೆ. ಅವಳು ಒಪ್ಪುತ್ತಾಳೆ. ವರ್ಷಗಳು ಕಳೆದು ಅವಳು ಗರ್ಭಿಣಿಯಾದಾಗ ನಿಜವಾದ ಗಂಡ ತಿರುಗಿ ಬರುತ್ತಾನೆ. ಒಂದೇ ಮುಖದ ಇಬ್ಬರು! ನ್ಯಾಯಕ್ಕೆಂದು ರಾಜನ ಬಳಿ ಹೊರಟಾಗ ದಾರಿಯಲ್ಲಿ ಸಿಕ್ಕ ಒಬ್ಬ ಕುರುಬ (ಅಮಿತಾಭ್ ಬಚ್ಚನ್) ಉಪಾಯದಿಂದ ದೆವ್ವವನ್ನು ನೀರಿನ ಚರ್ಮದ ಚೀಲಕ್ಕೆ ಇಳಿಸಿ ಬಾಯಿ ಕಟ್ಟುತ್ತಾನೆ. ಲಚ್ಛಿ ಅಳುತ್ತ ಗಂಡನ ಎದುರು ನಿಲ್ಲುತ್ತಾಳೆ. ಆಗ ತಿಳಿಯುತ್ತದೆ, ದೆವ್ವ ಚೀಲದಿಂದ ತಪ್ಪಿಸಿಕೊಂಡು ಕಿಶನ್‌ಲಾಲನ ಮೈಯೊಳಗೇ ಸೇರಿದೆ ಎಂದು. ಇಬ್ಬರೂ ಸುಖವಾಗಿರುತ್ತಾರೆ. ಶುಭಂ.

೨. ಜಮಾದ ಬದಿ

ಮೊದಲು ಚಿತ್ರ ಕೊಟ್ಟದ್ದನ್ನು ಬರೆಯಬೇಕು. ಬೈಯುವ ಉತ್ಸಾಹದಲ್ಲಿ ನಾವು ಮರೆಯುವುದು ಇದನ್ನೇ.

ಕಣ್ಣಿಗೆ ಹಬ್ಬ. ರವಿ ಕೆ. ಚಂದ್ರನ್ ಅವರ ಛಾಯಾಗ್ರಹಣದಲ್ಲಿ ಮರಳು, ಅರಿಶಿನ ಬಣ್ಣದ ಗೋಡೆ, ಕೆಂಪು ಓಢಣಿ ಎಲ್ಲವೂ ಆಗತಾನೆ ತೊಳೆದಿಟ್ಟ ಹಾಗೆ ಕಾಣುತ್ತವೆ. ಎರಡು ರಾಜಸ್ಥಾನಿ ಗೊಂಬೆಗಳು ಕತೆ ಹೇಳುತ್ತವೆ. ಅವುಗಳಿಗೆ ದನಿ ಕೊಟ್ಟವರು ನಸೀರುದ್ದೀನ್ ಶಾ ಮತ್ತು ರತ್ನಾ ಪಾಠಕ್ ಶಾ. ನಮ್ಮ ಕಡೆಯ ಗೊಂಬೆಯಾಟ ನೋಡಿದವರಿಗೆ ಈ ಗೊಂಬೆಗಳ ಜಗಳ ಆಪ್ತ ಅನಿಸುತ್ತದೆ.

ಇನ್ನೊಂದು ಒಳ್ಳೆಯ ಅಂಶ ಕತೆಯ ಬದಿಯಲ್ಲಿದೆ. ಒಂಟೆ ಓಟದಲ್ಲಿ ಸೋತ ಅವಮಾನಕ್ಕೆ ಊರು ಬಿಟ್ಟು ಹೋದ ಹಿರಿಯ ಮಗ ಸುಂದರಲಾಲ್, ಅವನ ದಾರಿ ಕಾಯುವ ಹೆಂಡತಿ ಗಜ್ರೋಬಾಯಿ (ಜೂಹಿ ಚಾವ್ಲಾ). ಲಚ್ಛಿಗೆ ದೆವ್ವ ಸಿಕ್ಕಿತು, ಗಜ್ರೋಬಾಯಿಗೆ ಯಾವ ದೆವ್ವವೂ ಸಿಗಲಿಲ್ಲ. ಗಂಡ ದೂರ ಹೋದ ನಿಜವಾದ ಹೆಂಗಸರೆಲ್ಲ ಗಜ್ರೋಬಾಯಿಯರೇ. ಚಿತ್ರಕ್ಕೆ ಇದು ಗೊತ್ತಿದೆ. ಆದರೆ ಆಕೆಯನ್ನು ಎರಡು ದೃಶ್ಯ ತೋರಿಸಿ ಮತ್ತೆ ಹಾಡಿನ ಕಡೆ ಓಡುತ್ತದೆ.

ಇಷ್ಟು ಬರೆದ ಮೇಲೂ ‘ಆದರೆ’ ಸಿಗಲಿಲ್ಲ. ಹಾಡು ಹೆಚ್ಚಾಯಿತು, ಕತೆ ನಿಧಾನವಾಯಿತು ಅಂತ ಬರೆಯಬಹುದಿತ್ತು. ಆದರೆ ಅವು ಯಾವ ಚಿತ್ರಕ್ಕೆ ಬೇಕಾದರೂ ಹೇಳಬಹುದಾದ ಮಾತು. ಈ ಚಿತ್ರದ್ದೇ ಆದ ಕೊರತೆ ಯಾವುದು?

೩. ಮನೆಯಲ್ಲಿ ಎರಡನೆಯ ಸಲ

ಇನ್ನೊಮ್ಮೆ ನೋಡೋಣವೆಂದು ಒಂದು ಭಾನುವಾರ ಮನೆಯಲ್ಲೇ ಹಚ್ಚಿದೆ. ಅವ್ವ, ಅಪ್ಪ, ತಂಗಿ ಮೂವರೂ ಬಂದು ಕೂತರು.

ನಮ್ಮ ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಅಡತಿ ಅಂಗಡಿಯ ದಿವಾಣಜಿ. ಅವರು ಪುಣೆಗೆ ಬಂದಾಗ ನಾನು ಒಂದನೆಯ ಇಯತ್ತೆ. ಆಮೇಲೆ ಏಳು ವರ್ಷ ಅವ್ವ ಊರಲ್ಲಿ, ಅಜ್ಜಿಯ ಜೊತೆ. ಅಪ್ಪ ದೀಪಾವಳಿಗೆ ಒಮ್ಮೆ, ಜಾತ್ರೆಗೆ ಒಮ್ಮೆ ಬರುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಚಿತ್ರ ಹಚ್ಚುವಾಗ ನನಗೆ ಇದರ ನೆನಪೇ ಇರಲಿಲ್ಲ. ಕಿಶನ್‌ಲಾಲ್ ಒಂಟೆ ಗಾಡಿ ಹತ್ತಿ ಹೊರಟಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆಗ ನೆನಪಾಯಿತು.

ಚಿತ್ರ ಮುಗಿದ ಮೇಲೆ ಅವ್ವ ಹೇಳಿದಳು: “ಛಲೋ ಐತಿ. ಆ ದೆವ್ವ ಭಾಳ ಶಾಣ್ಯಾ. ನಾ ಇಂಥಾವ ಅಂತ ಮೊದಲ ಹೇಳಿತು, ನಿನ್ನ ಮನಸು ಏನೈತಿ ಅಂತ ಕೇಳಿತು. ಮನಷ್ಯಾರು ಹಿಂಗ ಕೇಳತಾರೇನು?”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಅಲ್ಲೋ, ಖರೇ ಗಂಡ ಎಲ್ಲಿ ಹ್ವಾದ? ಅವನ ಮೈಯಾಗ ದೆವ್ವ ಹೊಕ್ಕಿತು. ಅವನ ಜೀವ ಏನಾತು? ಅವನೂ ಮನೀ ಸಲುವಾಗೇ ದುಡಿಯಾಕ ಹೋಗಿದ್ನಲ್ಲ.”

ಅವ್ವ ಟಿ.ವಿ. ಕಡೆ ನೋಡುತ್ತಲೇ, “ಹೋಗೂ ಮುಂದ ಅವನೂ ಒಂದ ಮಾತು ಕೇಳಬೇಕಿತ್ತು” ಅಂದಳು.

ಅಪ್ಪ ಅದಕ್ಕೆ ಏನೂ ಅನ್ನಲಿಲ್ಲ. ಊಟಕ್ಕೆ ಎದ್ದರು.

೪. ಬಿಟ್ಟುಹೋದ ನಮೂದು

ಅಂದು ರಾತ್ರಿ ನನ್ನ ‘ಆದರೆ’ ಸಿಕ್ಕಿತು. ಅದನ್ನು ಹೇಳಲು ಒಂದು ಸಣ್ಣ ಪಾಠ ಬೇಕು. ಸಾಹಿತ್ಯದ ಗೆಳೆಯರು ಕ್ಷಮಿಸಬೇಕು.

ಲೆಕ್ಕಪತ್ರದಲ್ಲಿ ಟ್ರಯಲ್ ಬ್ಯಾಲೆನ್ಸ್ ಅಂತ ಒಂದಿದೆ. ಎಲ್ಲ ಖಾತೆಗಳ ಬಾಕಿಯನ್ನು ಎರಡು ಬದಿಯಲ್ಲಿ ಬರೆದು ಕೂಡಿಸುವುದು. ಎರಡೂ ಮೊತ್ತ ಸಮ ಬಂದರೆ ವಿದ್ಯಾರ್ಥಿಗೆ ಎಲ್ಲಿಲ್ಲದ ಆನಂದ. ಆದರೆ ಮೊತ್ತ ಸಮ ಬಂದರೂ ಪುಸ್ತಕ ತಪ್ಪಿಲ್ಲ ಎಂದು ಹೇಳುವಂತಿಲ್ಲ, ಇದನ್ನು ನಮಗೆ ಮೊದಲ ವರ್ಷವೇ ಕಲಿಸುತ್ತಾರೆ. ಒಂದು ವ್ಯವಹಾರವನ್ನು ಕಿರ್ದಿಯಲ್ಲಿ ಬರೆಯುವುದನ್ನೇ ಮರೆತರೆ ಅದು ಈ ಬದಿಗೂ ಇಲ್ಲ, ಆ ಬದಿಗೂ ಇಲ್ಲ. ಹಾಗಾಗಿ ಮೊತ್ತ ಸರಿಯಾಗಿಯೇ ಬರುತ್ತದೆ. ತಪ್ಪು ಮಾತ್ರ ಒಳಗೆ ಕೂತಿರುತ್ತದೆ.

‘ಪಹೇಲಿ’ಯ ಕೊನೆ ಹೀಗಿದೆ. ಲಚ್ಛಿಗೆ ಪ್ರೀತಿ ಸಿಕ್ಕಿತು. ದೆವ್ವಕ್ಕೆ ಮೈ ಸಿಕ್ಕಿತು. ಮಗುವಿಗೆ ಅಪ್ಪ ಸಿಕ್ಕಿದ. ಸಾಹುಕಾರನಿಗೆ ಮಗ ಉಳಿದ. ನೋಡಲು ಬಂದವನಿಗೆ ಸಂತೋಷ. ಎರಡೂ ಬದಿ ಸಮ. ಆದರೆ ಕಿಶನ್‌ಲಾಲ್ ಎಂಬ ಖಾತೆಯೇ ಪುಸ್ತಕದಲ್ಲಿಲ್ಲ. ಅವನು ಸತ್ತನೋ, ತನ್ನ ಮೈಯೊಳಗೇ ಎಲ್ಲೋ ಮೂಲೆಯಲ್ಲಿ ಇದ್ದಾನೋ, ಚಿತ್ರ ಕೇಳುವುದಿಲ್ಲ. ಅವನು ದುಷ್ಟನೂ ಅಲ್ಲ. ಹೆಂಡತಿಯನ್ನು ಹೊಡೆದವನಲ್ಲ, ಮೋಸ ಮಾಡಿದವನಲ್ಲ. ಅಪ್ಪ ಹೇಳಿದ್ದನ್ನು ಕೇಳಿ, ಲೆಕ್ಕ ಬರೆಯುವುದೇ ಬದುಕು ಅಂತ ತಿಳಿದ ಒಬ್ಬ ಮಂಕು ಹುಡುಗ, ಅಷ್ಟೇ.

ಇನ್ನೂ ಒಂದು ಮಾತು. ಅವ್ವ ಹೇಳಿದ ಹಾಗೆ ಈ ಚಿತ್ರದ ದೊಡ್ಡ ಗುಣವೆಂದರೆ ದೆವ್ವ ಹೆಣ್ಣನ್ನು ಕೇಳಿದ್ದು. ಮನೆಯ ಗಂಡಸರು ಯಾರೂ ಕೇಳದ ಪ್ರಶ್ನೆಯನ್ನು ಒಂದು ಭೂತ ಕೇಳಿತು. ಚಿತ್ರ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಹಾಗೆ ಕೇಳಿದ ಅದೇ ದೆವ್ವ ಕೊನೆಯಲ್ಲಿ ಇನ್ನೊಬ್ಬನ ಮೈ ಸೇರುವಾಗ ಅವನನ್ನು ಕೇಳಲಿಲ್ಲ. ತಾನು ಕಲಿಸಿದ ಪಾಠವನ್ನು ಚಿತ್ರವೇ ಕೊನೆಯ ಗಳಿಗೆಯಲ್ಲಿ ಮರೆಯಿತು. ನನಗೆ ಕಾಣುವ ಕೊರತೆ ಇದು. ಹಾಡು ಹೆಚ್ಚಾದದ್ದಲ್ಲ, ಸುಖಾಂತವಾದದ್ದೂ ಅಲ್ಲ.

೫. ಇದೇ ಕತೆ, ಮೂವತ್ತೆರಡು ವರ್ಷ ಮೊದಲು

ಈ ಕತೆ ಮೂಲದಲ್ಲಿ ಹೀಗಿರಲಿಲ್ಲ. ಇದನ್ನು ಬರೆದವರು ರಾಜಸ್ಥಾನಿ ಲೇಖಕ ವಿಜಯದಾನ್ ದೇಥಾ. ಜೋಧಪುರದ ಕಡೆಯ ಬೋರುಂದಾ ಎಂಬ ಹಳ್ಳಿಯಲ್ಲಿ ಕೂತು ಜನರ ಬಾಯಿಂದ ಕೇಳಿದ ಕತೆಗಳನ್ನು ತಮ್ಮ ಮಾತಿನಲ್ಲಿ ಬರೆದವರು. ಅವರ ‘ಬಾತಾಂ ರೀ ಫುಲವಾಡಿ’ ಹದಿನಾಲ್ಕು ಸಂಪುಟಗಳಷ್ಟಿದೆ. ಅವರು ೨೦೧೩ರಲ್ಲಿ ತೀರಿಕೊಂಡರು.

ಅವರು ಈ ಕತೆಗೆ ಇಟ್ಟ ಹೆಸರು ‘ದುವಿಧಾ’. ೧೯೭೩ರಲ್ಲಿ ಮಣಿ ಕೌಲ್ ಇದೇ ಹೆಸರಿನಿಂದ ಚಿತ್ರ ಮಾಡಿದರು. ಮಣಿ ಕೌಲ್ ನಮ್ಮ ಪುಣೆಯವರೇ ಅನ್ನಬಹುದು. ಲಾ ಕಾಲೇಜ್ ರಸ್ತೆಯಲ್ಲಿ ಹಿಂದಿನ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿರುವ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಋತ್ವಿಕ್ ಘಟಕರ ಶಿಷ್ಯರಾಗಿ ಕಲಿತವರು. ದೇಥಾ ಅವರ ಊರಾದ ಬೋರುಂದಾದಲ್ಲೇ ಚಿತ್ರೀಕರಣ ಮಾಡಿದರು. ಈ ಚಿತ್ರಕ್ಕಾಗಿ ಅವರಿಗೆ ಅತ್ಯುತ್ತಮ ನಿರ್ದೇಶಕರೆಂದು ರಾಷ್ಟ್ರಪ್ರಶಸ್ತಿ ಬಂತು.

ಗೆಳೆಯನೊಬ್ಬನ ಕೃಪೆಯಿಂದ ಇದನ್ನೂ ನೋಡಿದೆ. ನಿಜ ಹೇಳಬೇಕೆಂದರೆ ಮೊದಲ ಅರ್ಧ ಗಂಟೆ ಬೇಸರವಾಯಿತು. ಪಾತ್ರಗಳು ಹೆಚ್ಚು ಮಾತಾಡುವುದಿಲ್ಲ. ಚಿತ್ರ ಅಲ್ಲಲ್ಲಿ ಫೋಟೋದ ಹಾಗೆ ನಿಂತುಬಿಡುತ್ತದೆ. ಹಿಂದಿನಿಂದ ಒಂದು ದನಿ ಕತೆ ಹೇಳುತ್ತದೆ. ಆದರೆ ಕೊನೆಯಲ್ಲಿ ಚೀಲಕ್ಕೆ ಹೋದ ದೆವ್ವ ಹೋಗಿಯೇ ಹೋಯಿತು. ಹೆಂಡತಿ ನಿಜವಾದ ಗಂಡನ ಜೊತೆ ಉಳಿಯುತ್ತಾಳೆ. ಕೈಯಲ್ಲಿ ಇನ್ನೊಬ್ಬನ ಕೂಸು. ಅವಳ ಮೌನ ನನಗೆ ಇನ್ನೂ ನೆನಪಿದೆ. ಗಂಡನ ಮುಖವೂ ನೆನಪಿದೆ. ಇಬ್ಬರೂ ಬೆಲೆ ಕೊಟ್ಟರು, ಇಬ್ಬರದೂ ಪುಸ್ತಕದಲ್ಲಿ ಬರೆದಿದೆ.

ಹೆಸರು ಬದಲಾದದ್ದನ್ನು ಗಮನಿಸಿ. ದುವಿಧಾ ಅಂದರೆ ಇಬ್ಬಂದಿ. ಪಹೇಲಿ ಅಂದರೆ ಒಗಟು. ಒಗಟಿಗೆ ಉತ್ತರವಿದೆ. ಉತ್ತರ ಹೇಳಿದರೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು. ಇಬ್ಬಂದಿಗೆ ಉತ್ತರವಿಲ್ಲ, ಅದನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕು. ನಾನು ಮರುದಿನ ‘ಪಹೇಲಿ’ಯನ್ನು ಮರೆತದ್ದೇಕೆ ಅನ್ನುವುದಕ್ಕೆ ಇಷ್ಟು ಸಾಕು ಅನಿಸುತ್ತದೆ.

೬. ನಮ್ಮ ಕನ್ನಡದ್ದು

ಗಂಡನ ರೂಪ ತಾಳಿ ಬರುವ ಪ್ರೇಮಿ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಗಿರೀಶ ಕಾರ್ನಾಡರ ‘ನಾಗಮಂಡಲ’. (ಕಾರ್ನಾಡರೂ ೧೯೭೪-೭೫ರಲ್ಲಿ ಪುಣೆಯ ಅದೇ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು.) ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜಾನಪದ ಕತೆಗಳನ್ನು ಸೇರಿಸಿ ೧೯೮೮ರ ಸುಮಾರಿಗೆ ಬರೆದ ನಾಟಕ. ೧೯೯೭ರಲ್ಲಿ ಟಿ.ಎಸ್. ನಾಗಾಭರಣ ಚಿತ್ರ ಮಾಡಿದರು. ಪ್ರಕಾಶ್ ರೈ, ವಿಜಯಲಕ್ಷ್ಮಿ ಅಭಿನಯ, ಸಿ. ಅಶ್ವತ್ಥರ ಸಂಗೀತ. ನಮ್ಮ ಉತ್ತರ ಕರ್ನಾಟಕದ ಮಾತು ಅದರಲ್ಲಿದೆ ಅಂತ ಅವ್ವನಿಗೆ ಬಹಳ ಇಷ್ಟ.

ನಾಟಕದಲ್ಲಿ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದು ಹೋಗುತ್ತಾನೆ, ಮಧ್ಯಾಹ್ನದ ಊಟಕ್ಕೆ ಮಾತ್ರ ಬರುತ್ತಾನೆ. ಗಂಡನ ಮನಸ್ಸು ತಿರುಗಲೆಂದು ಬೇರು ಅರೆದು ಹಾಕಿದ ಸಾರನ್ನು ಅವಳು ಹೆದರಿ ಹುತ್ತಕ್ಕೆ ಸುರಿದರೆ, ಅದನ್ನು ಕುಡಿದ ನಾಗ ಮನಸೋತು ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರುತ್ತದೆ. ಇಲ್ಲಿ ನಾಗ ಕೇಳುವುದಿಲ್ಲ, ತಾನು ಯಾರೆಂದು ಹೇಳುವುದೂ ಇಲ್ಲ. ಆ ಮಟ್ಟಿಗೆ ‘ಪಹೇಲಿ’ಯ ದೆವ್ವವೇ ಮೇಲು. ಅವ್ವನ ಲೆಕ್ಕದಲ್ಲಿ ಈ ಅಂಕ ಪಾಲೇಕರರ ಚಿತ್ರಕ್ಕೇ ಹೋಗುತ್ತದೆ, ನಾನೂ ಒಪ್ಪುತ್ತೇನೆ.

ಆದರೆ ನಾಟಕ ಮುಗಿಯುವ ರೀತಿ ನೋಡಿ. ರಾಣಿ ಪಂಚರ ಎದುರು ಹುತ್ತಕ್ಕೆ ಕೈ ಹಾಕಿ ಹಾವು ಹಿಡಿದು ದಿವ್ಯ ಮಾಡುತ್ತಾಳೆ. ಹಾವು ಅವಳಿಗೆ ಹೆಡೆ ಬಿಚ್ಚಿ ನೆರಳು ಕೊಡುತ್ತದೆ. ಜನ ದೇವಿ ಎಂದು ಕಾಲಿಗೆ ಬೀಳುತ್ತಾರೆ. ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕತೆ ಕೇಳುತ್ತ ಕೂತ ನಾಟಕಕಾರನ ಪಾತ್ರ ಅಷ್ಟಕ್ಕೆ ಬಿಡುವುದಿಲ್ಲ. ಅಪ್ಪಣ್ಣನ ಗತಿ ಏನು, ತಾನು ಮುಟ್ಟದ ಹೆಂಡತಿ ಬಸುರಾದದ್ದು ಅವನಿಗೆ ಗೊತ್ತಲ್ಲ? ರಾಣಿಗಾದರೂ ಆ ಎರಡು ಸ್ಪರ್ಶಗಳ ಭೇದ ತಿಳಿಯಲಿಲ್ಲವೆ? ಹೀಗೆ ಕೇಳುತ್ತಾನೆ. ಅಪ್ಪಣ್ಣನ ಒಳಗಿನ ಗೊಂದಲವನ್ನು ಅವನ ಬಾಯಿಂದಲೇ ನಾವು ಕೇಳುತ್ತೇವೆ. ಒಂದು ಮುಕ್ತಾಯದಲ್ಲಿ ನಾಗ ಸಾಯುತ್ತದೆ, ಇನ್ನೊಂದರಲ್ಲಿ ರಾಣಿಯ ಕೂದಲಲ್ಲಿ ಅಡಗಿ ಉಳಿಯುತ್ತದೆ. ಅಂದರೆ ಸುಖಾಂತವೂ ಇದೆ. ಆದರೆ ಆಡಿಟ್ ಆದ ಮೇಲೆ ಬಂದ ಸುಖಾಂತ.

ನಮ್ಮ ಅಪ್ಪ ‘ನಾಗಮಂಡಲ’ ನಾಟಕ ಓದಿದವರಲ್ಲ. ಆದರೆ ಅವರು ಕೇಳಿದ್ದು ಆ ನಾಟಕದ ಪಾತ್ರ ಕೇಳಿದ ಪ್ರಶ್ನೆಯನ್ನೇ. ಒಳ್ಳೆಯ ಪ್ರೇಕ್ಷಕನಾಗಲು ಪದವಿ ಬೇಕಿಲ್ಲ ಅಂತ ಆ ದಿನ ತಿಳಿದೆ.

೭. ತೀರ್ಮಾನ

ನಮ್ಮ ಲೋಕದ ನಿಯಮ ಮೀರಿದ ಪ್ರೇಮಕತೆ ಸಿಕ್ಕಾಗ, ಮುದ ಕೊಟ್ಟಿತೇ ಎಂದು ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ ನೋಡಿ. ಈ ದೆವ್ವವೋ ದೇವರೋ ಮನುಷ್ಯರು ಮಾಡದ ಯಾವ ಕೆಲಸ ಮಾಡಿತು? ಆ ಸುಖದ ಬೆಲೆಯನ್ನು ಯಾರ ಖಾತೆಗೆ ಹಚ್ಚಿದರು?

ನನ್ನ ತಂಗಿ ಜಪಾನಿನ ಕಾರ್ಟೂನ್ ಧಾರಾವಾಹಿಗಳನ್ನು ನೋಡುತ್ತಾಳೆ. ಅವಳ ಮೆಚ್ಚಿನ ‘ಕಾಮಿಸಾಮ ಕಿಸ್’ (೨೦೧೨) ಮೇಲೆ ಈ ಅಳತೆ ಹಿಡಿದೆವು. ಜೂಜುಕೋರ ಅಪ್ಪ ಸಾಲ ಬಿಟ್ಟು ಓಡಿಹೋಗುತ್ತಾನೆ. ಮನೆ ಕಳೆದುಕೊಂಡ ನಾನಾಮಿ ಎಂಬ ಹುಡುಗಿ ಒಂದು ಹಳೆಯ ಗುಡಿ ಸೇರಿ ಅಲ್ಲಿನ ದೇವತೆಯಾಗುತ್ತಾಳೆ, ಗುಡಿಯ ಸೇವಕನಾದ ನರಿರೂಪದ ತೊಮೊಯೆಯನ್ನು ಪ್ರೀತಿಸುತ್ತಾಳೆ. ಚೆಂದವಾಗಿದೆ, ನಗು ಬರುತ್ತದೆ. ನಾನು ಎರಡನೆಯ ಪ್ರಶ್ನೆ ಕೇಳಿದೆ. ತಂಗಿ ಯೋಚಿಸಿ, “ಆ ಅಪ್ಪನ ಸಾಲ ಮೊದಲ ಭಾಗ ಆದ ಮ್ಯಾಲೆ ಯಾರೂ ನೆನಸಾಂಗಿಲ್ಲಣ್ಣಾ” ಅಂದಳು. ಹಾಗಂತ ನೋಡುವುದನ್ನು ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ. ಖುಷಿ ಖುಷಿಯೇ, ಅದು ಜಮಾಕ್ಕೆ ಸೇರಬೇಕು. ದೊಡ್ಡ ಕೃತಿ ಅಲ್ಲ ಎಂದು ನಾಚಿಕೊಂಡು ಖುಷಿಯನ್ನು ಮುಚ್ಚಿಡುವುದೂ ಒಂದು ಸುಳ್ಳು ಲೆಕ್ಕವೇ.

ಸರ್ ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟು: ‘ಪಹೇಲಿ’ ಚೆನ್ನಾಗಿದೆ. ಹೆಣ್ಣನ್ನು ಕೇಳಬೇಕು ಅನ್ನುವುದನ್ನು ಅದು ನಗುನಗುತ್ತ ಹೇಳಿದೆ, ಅದಕ್ಕಾಗಿ ನಮ್ಮ ಅವ್ವನಂಥವರು ಅದನ್ನು ಮೆಚ್ಚಿದ್ದಾರೆ. ಆದರೆ ಕೊನೆಯಲ್ಲಿ ಒಬ್ಬ ಮನುಷ್ಯನನ್ನು ಲೆಕ್ಕದಿಂದ ಬಿಟ್ಟು ಮೊತ್ತ ಸರಿಮಾಡಿದೆ. ಆದ್ದರಿಂದ ನಾನು ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ‘ಅಂಥ ವಿಶೇಷವೇನಿಲ್ಲ’ ಅಂದದ್ದನ್ನು ಮಾತ್ರ ತಿದ್ದುತ್ತೇನೆ. ವಿಶೇಷ ಒಂದಿತ್ತು, ಅದನ್ನು ಕೊನೆಯವರೆಗೆ ಒಯ್ಯಲಿಲ್ಲ.

ಇದನ್ನು ಬರೆದು ಮುಗಿಸಿದ ರಾತ್ರಿ ಅಪ್ಪ ಅಂಗಡಿಯಿಂದ ಬಂದು, ದೀಪಾವಳಿ ಮುಗಿದ ಮೇಲೆ ಸಾಂಗಲಿಯ ಶಾಖೆಗೆ ಮೂರು ತಿಂಗಳು ಹೋಗಬೇಕಾದೀತು ಅಂದರು. ಹಾಗೆ ಹೇಳಿ ಅವ್ವನ ಕಡೆ ನೋಡಿ, “ಏನ ಮಾಡೂಣು?” ಅಂತ ಕೇಳಿದರು. ಅವ್ವ ಇನ್ನೂ ಉತ್ತರ ಹೇಳಿಲ್ಲ.

ತಪ್ಪುಗಳಿದ್ದರೆ ತಿಳಿದವರು ತಿದ್ದಬೇಕೆಂದು ವಿನಂತಿ.